ಐದನೆಯ ಸಂವಾದ

ಆ ದಿನದ ರಗಳೆಗೆಲ್ಲ ಕಾರಣ ವಿರಾಮಕ್ಕನ ಗಂಟಲು. ಅದು ಒಂಚೂರು ಸಣ್ಣದಾಗಿದ್ದಿದ್ದರೆ ಗೋಡೆಯಾಚೆಗೆ ಏನೂ ಕೇಳುತ್ತಿರಲಿಲ್ಲ. ಗೋಡೆಯಾಚೆಗೆ ಕೇಳದಿದ್ದರೆ ಯಾರೂ ಬಂದು ಅವಳ ತಲೆ ತಿನ್ನುತ್ತಲೂ ಇರಲಿಲ್ಲ.

ಅವಳ ಕೆಲಸವೇ ಗಂಟಲಿನದು. ಪ್ರೆಸ್ಸಿನ ಒಳಕೋಣೆಯಲ್ಲಿ ಇಬ್ಬರು ಹೆಂಗಸರು ಎದುರುಬದುರು ಕೂತು ಕರಡು ತಿದ್ದುತ್ತಿದ್ದರು. ಒಬ್ಬಳು ಲೇಖಕರ ಹಸ್ತಪ್ರತಿ ಹಿಡಿದು ಗಟ್ಟಿಯಾಗಿ ಓದಬೇಕು. ಇನ್ನೊಬ್ಬಳು ಕೆಂಪು ಪೆನ್ನು ಹಿಡಿದು, ಕಿವಿಗೆ ಬಿದ್ದದ್ದಕ್ಕೂ ಕರಡಿನಲ್ಲಿ ಕಂಡದ್ದಕ್ಕೂ ತಾಳೆ ನೋಡಬೇಕು. ಓದುವವಳು ಬರೀ ಮಾತು ಓದಿದರೆ ಸಾಲದು, ಚಿಹ್ನೆಗಳನ್ನೂ ಓದಬೇಕು. "ಮಗನೇ ಉದ್ಗಾರ ನೀನು ಎಲ್ಲಿದ್ದೀಯ ಪ್ರಶ್ನೆ ಎಂದು ತಾಯಿ ಅತ್ತಳು ಪೂರ್ಣವಿರಾಮ ಹೊಸ ಪ್ಯಾರಾ." ಹೀಗೆ ಹತ್ತೊಂಬತ್ತು ವರ್ಷ ಓದಿದ್ದಕ್ಕೆ ಅವಳ ನಿಜವಾದ ಹೆಸರು ಸಂಬಳದ ಪುಸ್ತಕದಲ್ಲಿ ಮಾತ್ರ ಉಳಿದು, ಎಲ್ಲರ ಬಾಯಲ್ಲೂ ವಿರಾಮಕ್ಕ ಆಗಿಹೋಗಿದ್ದಳು. ಮನೆಯಲ್ಲೂ ಕೆಲವು ಸಲ "ಊಟಕ್ಕೆ ಬನ್ನಿ ಪೂರ್ಣವಿರಾಮ" ಅಂದುಬಿಡುತ್ತಿದ್ದಳು. ಗಂಡನಿಗೆ ಅದು ಗೊತ್ತಾಗುತ್ತಿರಲಿಲ್ಲ. ಅವನು ಅವಳ ಮಾತಿನಲ್ಲಿ ಊಟ ಎಂಬ ಪದವೊಂದನ್ನು ಬಿಟ್ಟು ಬೇರೆ ಕೇಳಿಸಿಕೊಂಡು ಬಹಳ ಕಾಲವಾಗಿತ್ತು.

ಓದಿದ್ದು ಅರ್ಥವಾಗಬೇಕು ಎಂಬ ಹಂಬಲ ಅವಳಿಗೂ ಮೊದಮೊದಲು ಇತ್ತು. ಸೇರಿದ ಹೊಸದರಲ್ಲಿ ಒಂದು ಕಾದಂಬರಿ ಓದುತ್ತಾ, "ಅಯ್ಯೋ, ಈ ಹುಡುಗಿ ಬಾವಿಗೆ ಬೀಳ್ತಾಳಾ?" ಎಂದು ನಿಲ್ಲಿಸಿಬಿಟ್ಟಿದ್ದಳು. ಎದುರಿಗೆ ಕುರ್ಚಿಯಲ್ಲಿ ಕೂತಿದ್ದ ಕನ್ನಡಕದಕ್ಕ ಪೆನ್ನು ಕೆಳಗಿಟ್ಟು, "ಬಿದ್ರೆ ಬೀಳ್ಲಿ ಬಿಡು. ಬಾವಿಗೆ ದೀರ್ಘ ಇದೆಯೋ ಇಲ್ವೋ ಹೇಳು. ಅರ್ಥದ ಬೆನ್ನು ಹತ್ತಿದ್ರೆ ಅಕ್ಷರ ತಪ್ಪಿಸ್ಕೊಂಡು ಹೋಗುತ್ತೆ" ಎಂದಿದ್ದಳು. ಅಂದಿನಿಂದ ಮಾತುಗಳು ವಿರಾಮಕ್ಕನ ಕಣ್ಣಿನಿಂದ ಒಳಹೊಕ್ಕು, ನಡುವೆ ಎಲ್ಲೂ ತಾಗದೆ, ನಲ್ಲಿಯ ನೀರು ಬಕೆಟ್ಟಿಗೆ ಬಿದ್ದಹಾಗೆ ಬಾಯಿಯಿಂದ ಹೊರಬೀಳುತ್ತಿದ್ದವು.

ಈಗ ಕನ್ನಡಕದಕ್ಕನಿಗೆ ತಿಂಗಳ ಕೊನೆಗೆ ನಿವೃತ್ತಿ. ಅವಳ ಕುರ್ಚಿ ಕಿಟಕಿಯ ಪಕ್ಕದ್ದು, ಬೆನ್ನಿಗೆ ಒರಗು, ಎರಡು ಕೈಗೂ ಆಸರೆ. ವಿರಾಮಕ್ಕ ಕೂರುತ್ತಿದ್ದದ್ದು ಒರಗಿಲ್ಲದ ಸ್ಟೂಲು. ಫ್ಯಾನಿನ ಗಾಳಿ ಅದರ ತನಕ ಬಂದು ದಣಿದು ಹಿಂದಕ್ಕೆ ಹೋಗುತ್ತಿತ್ತು. ಹತ್ತೊಂಬತ್ತು ವರ್ಷದಿಂದ ಆ ಕುರ್ಚಿಯನ್ನು ಎದುರಿಗೇ ನೋಡುತ್ತಾ ಕೂತವಳಿಗೆ ಅದರ ಮೇಲೆ ಆಸೆಯಿದ್ದರೆ ತಪ್ಪೇನು? ಆದರೆ ಯಜಮಾನರ ಹೆಂಡತಿಯ ತಂಗಿಯೊಬ್ಬಳು ಈಚೆಗೆ ಪರೀಕ್ಷೆ ಪಾಸು ಮಾಡಿ ಮನೆಯಲ್ಲಿ ಕೂತಿದ್ದಳು. ಕುರ್ಚಿಗೂ ಆ ನಾದಿನಿಗೂ ಒಂದು ನಂಟು ಕುದುರುತ್ತಿದೆ ಎಂದು ಇಡೀ ಪ್ರೆಸ್ಸು ಪಿಸುಗುಟ್ಟುತ್ತಿತ್ತು.

ಬೆಳಿಗ್ಗೆ ಹತ್ತಕ್ಕೆ ಯಜಮಾನರು ಅವಳನ್ನು ಕರೆದರು. ಮೇಜಿನ ಮೇಲೆ ಒಂದು ದೊಡ್ಡ ಕಟ್ಟು. ಮೇಲಿನ ಹಾಳೆಯಲ್ಲಿ ದಪ್ಪಕ್ಷರದಲ್ಲಿ: ‘ಹೊಸ ಓದುಗರಿಗಾಗಿ: ಪ್ರಾಚೀನ ಗ್ರೀಕ್ ತತ್ವಜ್ಞಾನಿಯ ಮುಖ್ಯ ಸಂವಾದಗಳು.’ ಆ ತತ್ವಜ್ಞಾನಿಯ ಹೆಸರು ಹೇಳಲು ಹೋದರೆ ನಾಲಗೆ ಎರಡು ಕಡೆ ಎಡವುತ್ತಿದ್ದದ್ದರಿಂದ ಪ್ರೆಸ್ಸಿನಲ್ಲಿ ಎಲ್ಲರೂ ಅವನನ್ನು ಗ್ರೀಕ್ ತಾತ ಎನ್ನುತ್ತಿದ್ದರು.

"ನೋಡಮ್ಮ, ಕಾಗದ ಇರೋದು ಏಳು ಫಾರಂಗೆ. ಪುಸ್ತಕ ಒಂಬತ್ತಾಗಿ ಕೂತಿದೆ" ಎಂದರು ಯಜಮಾನರು. ಫಾರಂ ಅಂದರೆ ಹದಿನಾರು ಪುಟ. "ಮೊದಲು ನಾನು ಅಂದಾಜು ಮಾಡಿದಾಗ ಏಳೇ ಇತ್ತು. ಅದು ಹೆಂಗೆ ಹಿಟ್ಟು ಹುದುಗಿದ ಹಾಗೆ ಉಬ್ಬಿತೋ! ಐದರಲ್ಲಿ ಒಂದು ಸಂವಾದ ಕಿತ್ತರೆ ಸರಿಹೋಗುತ್ತೆ. ನಾಳೆ ಬೆಳಿಗ್ಗೆ ಮಷೀನಿಗೆ ಹತ್ತಬೇಕು. ಯಾವುದನ್ನ ಬಿಡೋದು?"

"ನನ್ನನ್ನ ಕೇಳ್ತೀರಾ ಸಾರ್? ಅನುವಾದ ಮಾಡಿದ ಮೇಷ್ಟ್ರು..."

"ಅವರಿಗೆ ಇವತ್ತು ಕಣ್ಣಿನ ಆಪರೇಷನ್. ನಾಲ್ಕು ಗಂಟೆ ಮೇಲೆ ಫೋನಿಗೆ ಸಿಗ್ತಾರಂತೆ. ಅಷ್ಟೊತ್ತಿಗೆ ನಾವೇ ತೀರ್ಮಾನ ಮಾಡಿ ಹೇಳಿದ್ರೆ ಅವರು ಹೂಂ ಅಂತಾರೆ. ಪಟ್ಟಿ ಹೊಡೆದ ಕಣ್ಣಲ್ಲಿ ಇನ್ನೇನು ಅಂತಾರೆ?"

"ಕನ್ನಡಕದಕ್ಕನ್ನ ಕೇಳ್ಬಹುದಿತ್ತಲ್ಲ?"

"ಕೇಳಿದೆ. 'ತಪ್ಪೆಷ್ಟಿತ್ತು ಅಂತ ಕೇಳಿ ಹೇಳ್ತೀನಿ, ಒಳಗೇನಿದೆ ಅಂತ ಕೇಳ್ಬೇಡಿ' ಅಂದ್ಲು. ಪುಸ್ತಕ ಪೂರ್ತಿ ಬಾಯಿಬಿಟ್ಟು ಓದಿರೋಳು ನೀನೊಬ್ಬಳೇ." ಯಜಮಾನರು ಸ್ವಲ್ಪ ಮುಂದಕ್ಕೆ ಬಾಗಿದರು. "ನಮ್ಮನೇಲಿ ಒತ್ತಾಯ ಇದೆ, ಕುರ್ಚಿ ತಂಗಿಗೆ ಕೊಡಿ ಅಂತ. ಆದ್ರೆ ನಾನು ಹೇಳಿದೆ, ವಿರಾಮಕ್ಕನಿಗೆ ಪುಸ್ತಕದ ತಿರುಳು ತಿಳಿಯುತ್ತೆ ಅಂತ ಗೊತ್ತಾದ್ರೆ ಕುರ್ಚಿ ಅವಳದ್ದೇ ಅಂತ. ಏನಂತೀಯ?"

ಓದುವುದು ನನ್ನ ಕೆಲಸ, ತಿಳಿಯುವುದಲ್ಲ ಎಂಬ ಮಾತು ಅವಳ ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ತೆರೆದ ಬಾಗಿಲಿನಾಚೆ ಕಿಟಕಿ, ಕಿಟಕಿಯ ಪಕ್ಕ ಕುರ್ಚಿ, ಕುರ್ಚಿಯ ಕೈಯ ಮೇಲೆ ಬಿಸಿಲು ಕಾಣಿಸಿತು.

"ನಾಲ್ಕು ಗಂಟೆಗೆ ಹೇಳ್ತೀನಿ ಸಾರ್" ಎಂದಳು.

ಕನ್ನಡಕದಕ್ಕ ಆ ದಿನ ಔಷಧಿ ಡಬ್ಬಿಯ ಚೀಟಿಗಳನ್ನು ಒಬ್ಬಳೇ ತಿದ್ದುತ್ತಿದ್ದಳು. ವಿರಾಮಕ್ಕ ಸ್ಟೂಲಿನ ಮೇಲೆ ಕೂತು ಐದು ಕಟ್ಟುಗಳನ್ನು ಮುಂದೆ ಸಾಲಾಗಿ ಇಟ್ಟುಕೊಂಡಳು. ಒಂದು, ಸಿಟ್ಟು. ಎರಡು, ಗೆಳೆತನ. ಮೂರು, ಧೈರ್ಯ. ನಾಲ್ಕು, ಮುಪ್ಪು. ಐದನೆಯದಕ್ಕೆ ಹೆಸರೇ ಇರಲಿಲ್ಲ. ಅದರ ಮೊದಲ ಹಾಳೆಯ ನೆತ್ತಿಯಲ್ಲಿ ಕನ್ನಡಕದಕ್ಕನೇ ‘ಐದನೆಯ ಸಂವಾದ’ ಎಂದು ಬರೆದು ಅಡಿಗೆರೆ ಎಳೆದಿದ್ದಳು.

ಐದನ್ನೂ ಕಳೆದ ಎರಡು ತಿಂಗಳಲ್ಲಿ ಅವಳೇ ಓದಿದ್ದಳು. ಏನು ನೆನಪಿತ್ತು? ಗ್ರೀಕ್ ತಾತ ಬಹಳ ಪ್ರಶ್ನೆ ಕೇಳುತ್ತಾನೆ ಎಂಬುದೊಂದೇ. ಪುಟಕ್ಕೆ ಇಪ್ಪತ್ತು ಸಲವಾದರೂ "ಪ್ರಶ್ನೆ" ಎಂದು ಹೇಳಿ ಹೇಳಿ ದವಡೆ ನೋವು ಬಂದಿತ್ತು.

ಸಿಟ್ಟಿನ ಮೊದಲ ಹಾಳೆ ಎತ್ತಿಕೊಂಡು ಮನಸ್ಸಿನಲ್ಲೇ ಓದಲು ನೋಡಿದಳು. ತುಟಿ ತಾನಾಗಿ ಅಲ್ಲಾಡಿತು. "ಸಿಟ್ಟು ಬರುವುದು ಎಲ್ಲಿಂದ ಪ್ರಶ್ನೆ..." ತುಟಿ ಬಿಗಿದುಕೊಂಡಳು. ಗಂಟಲು ಒಳಗೇ ಗುಂಯ್‌ಗುಟ್ಟಿತು. ಹಲ್ಲಿನ ನಡುವೆ ಪೆನ್ಸಿಲು ಕಚ್ಚಿಕೊಂಡು ಮತ್ತೆ ನೋಡಿದಳು. ಅರ್ಧ ಪುಟವಾಗುವಷ್ಟರಲ್ಲಿ ಪೆನ್ಸಿಲಿನ ರುಚಿ ಗೊತ್ತಾಯಿತೇ ಹೊರತು ಸಿಟ್ಟಿನ ವಿಚಾರ ಏನೂ ಗೊತ್ತಾಗಲಿಲ್ಲ.

"ವಿರಾಮಕ್ಕಾ, ಸಿಟ್ಟನ್ನ ಮುಟ್ಟಬೇಡಿ!"

ಬೆಚ್ಚಿ ತಲೆಯೆತ್ತಿದರೆ ಬಾಗಿಲಲ್ಲಿ ಮಷೀನ್ ಮಾಮ, ಕೈತುಂಬ ಮಸಿ. ಪ್ರೆಸ್ಸಿನಲ್ಲಿ ಸುದ್ದಿ ಹಬ್ಬಲು ಫೋನು ಬೇಕಿರಲಿಲ್ಲ, ಗೋಡೆಗಳೇ ಸಾಕಾಗಿದ್ದವು.

"ನಿಮಗ್ಯಾಕೆ ಮಾಮ ಸಿಟ್ಟಿನ ಮೇಲೆ ಇಷ್ಟು ಪ್ರೀತಿ?"

"ನೀವು ಓದಿದ್ದು ಗೋಡೆಯಾಚೆ ಕೇಳ್ತಿತ್ತಲ್ಲ. ಸಿಟ್ಟು ಬಂದಾಗ ಯಾರ ಮೇಲೆ ಬಂತು ಅಂತ ಮೂರು ಸಲ ಕೇಳ್ಕೋ ಅಂತಾನಲ್ಲ ತಾತ. ಅವತ್ತಿಂದ ಮಷೀನಿಗೆ ಒದ್ದಿಲ್ಲ ನಾನು. ಕಾಗದ ಸಿಕ್ಕಿಹಾಕ್ಕೊಂಡ್ರೆ ಕೇಳ್ಕೋತೀನಿ, ಮಷೀನಿನ ಮೇಲಾ? ಅಲ್ಲ. ಕಾಗದದ ಮೇಲಾ? ಅಲ್ಲ. ಮನೇಲಿರೋ ಭಾಮೈದನ ಮೇಲಾ? ಹೂಂ! ಸಿಟ್ಟು ತೆಗೆದ್ರೆ ನೋಡಿ, ನಾಳೆಯಿಂದ ಮತ್ತೆ ಒದೀತೀನಿ."

"ಅಂಥದ್ದನ್ನ ನಾನು ಓದಿದ್ನಾ?"

"ನೀವಲ್ದೆ ಇನ್ಯಾರು, ನಮ್ಮತ್ತೇನಾ?" ಎಂದು ಮಷೀನ್ ಮಾಮ ಸ್ಟೂಲಿನ ಪಕ್ಕ ಬಂದು ನಿಂತ. "ನನ್ನ ಮಾತು ಕೇಳಿ, ಎರಡನೇದನ್ನ ಕಿತ್ತಾಕಿ. ಗೆಳೆತನ. ದಂಡ ಅದು. ನೀವು ಅದನ್ನ ಓದ್ತಿದ್ದ ದಿನ ಮಷೀನು ಶುರು ಮಾಡೋಕೆ ಮುಂಚೆ ಒಂದು ಪುಟ ಕೇಳಿಸ್ಕೊಂಡೆ. ತಲೆ ಇಲ್ಲ, ಬುಡ ಇಲ್ಲ."

ಅವಳು ಎರಡನೆಯ ಕಟ್ಟು ತೆಗೆದು ನೋಡಿದಳು. ಮೊದಲ ಹಾಳೆಯಲ್ಲಿ ಹೀಗಿತ್ತು:

‘ಎಲ್ಲಿಂದ ಬಂದೆ?’
‘ಆ ಕಡೆಯಿಂದ.’
‘ಎಲ್ಲಿಗೆ ಹೊರಟೆ?’
‘ಆ ಕಡೆಗೇ.’
‘ಹಾಗಾದರೆ ಬಂದದ್ದೇಕೆ?’

"ನೋಡಿದ್ರಾ!" ಎಂದ ಮಷೀನ್ ಮಾಮ. "ಇಬ್ಬರು ಕೆಲಸವಿಲ್ಲದೋರು ದಾರೀಲಿ ಸಿಕ್ಕಿದ್ದಾರೆ, ಅಷ್ಟೇ. ಇದಕ್ಕೆ ಯಾಕೆ ಕಾಗದ?"

ಅವಳಿಗೂ ಹಾಗೇ ಅನ್ನಿಸಿತು. ಒಂದು ಚೀಟಿಯ ಮೇಲೆ ‘ಎರಡು’ ಎಂದು ಬರೆದು ಪಕ್ಕದಲ್ಲಿ ಗೀಟೆಳೆದಳು. ಪೂರ್ತಿ ನಂಬಿಕೆ ಬರಲಿಲ್ಲ, ಗೀಟಿನ ಮುಂದೆ ಒಂದು ಪ್ರಶ್ನೆಚಿಹ್ನೆ ಹಾಕಿದಳು.

ಹನ್ನೊಂದೂವರೆಗೆ ಗೇಟಿನಜ್ಜ ಬಂದ. ಹಗಲೆಲ್ಲ ಗೇಟಿನ ಬಳಿ ಕೂತು ಬಂದವರ ಹೆಸರು ಬರೆಯುವುದು ಅವನ ಕೆಲಸ. ಒಳಕೋಣೆಯ ಕಿಟಕಿ ಅವನ ಬೆನ್ನಿಗೇ ತೆರೆದುಕೊಳ್ಳುತ್ತಿತ್ತು.

"ಮಗಳೇ, ಮುಪ್ಪು ಉಳಿಸ್ಕೊಡು."

"ಅಜ್ಜಾ, ನೀವೂ ಕೇಳಿದ್ರಾ?"

"ಕೇಳ್ದೆ ಏನು ಮಾಡ್ಲಿ, ಕಿವಿ ಒಂದು ಸರಿಯಾಗಿದೆ ನಂಗೆ. 'ಮುಪ್ಪು ಬಂತು ಅಂತೀಯಲ್ಲ, ಅದು ಬರೋ ಮೊದಲು ನಿನ್ನ ಜಾಗದಲ್ಲಿ ಯಾರಿದ್ರು' ಅಂತ ಕೇಳ್ತಾನೆ ಆ ಪುಣ್ಯಾತ್ಮ. ಆವತ್ತಿಂದ ಯೋಚ್ನೆ ಮಾಡ್ತಿದೀನಿ. ಇನ್ನೂ ಉತ್ತರ ಸಿಕ್ಕಿಲ್ಲ. ಸಿಗೋ ತನಕ ತೆಗೀಬೇಡ." ಹೋಗುತ್ತಾ ಬಾಗಿಲಲ್ಲಿ ನಿಂತು ತಿರುಗಿದ. "ಕಾಗದದ ಲಾರಿಯವನು ಗೇಟು ತೆಗಿ ಅಂತ ಕೂಗ್ತಿದ್ದ. ಗೇಟು ಅಂದ್ರೆ ಏನಪ್ಪಾ ಅಂತ ಕೇಳಿದೆ. ಒಳಗಿರೋದನ್ನ ಹೊರಗಿಡೋದಾ, ಹೊರಗಿರೋದನ್ನ ಒಳಗಿಡೋದಾ ಅಂತ. ಗಾಡಿ ತಿರುಗಿಸ್ಕೊಂಡು ಹೋದ."

"ಕಾಗದದ ಲಾರಿ ವಾಪಸ್ ಹೋಯ್ತಾ?"

"ಉತ್ತರ ಗೊತ್ತಿಲ್ದೋನಿಗೆ ಗೇಟು ಯಾಕೆ ತೆಗೀಬೇಕು ಮಗಳೇ?"

ಇಡೀ ಪ್ರೆಸ್ಸಿಗೆ ಗ್ರೀಕ್ ತಾತ ಮೈಮೇಲೆ ಬಂದಿದ್ದ. ಅವನನ್ನು ಎರಡು ತಿಂಗಳು ಬಾಯಲ್ಲಿ ಹೊತ್ತು ತಿರುಗಿದವಳಿಗೆ ಮಾತ್ರ ಅವನ ಮುಖಪರಿಚಯವೂ ಇರಲಿಲ್ಲ. ಬಡಿಸುವ ಸೌಟಿಗೆ ಸಾರಿನ ರುಚಿ ಕೇಳಿದ ಹಾಗಿತ್ತು ಅವಳ ಪಾಡು.

ಧೈರ್ಯದ ಕತೆಯೂ ಹಾಗೇ ಮುಗಿಯಿತು. ಯಜಮಾನರೇ ಬಾಗಿಲಲ್ಲಿ ತಲೆಯಿಟ್ಟು, "ಅಮ್ಮಾ, ಧೈರ್ಯ ಒಂದನ್ನ ಬಿಟ್ಟು ಬೇರೆ ಯಾವುದನ್ನಾದ್ರೂ ತೆಗಿ. ಅದು ನಂಗೆ ಮನೇಲಿ ಉಪಯೋಗಕ್ಕೆ ಬರುತ್ತೆ" ಎಂದು ಹೇಳಿ, ಯಾರಾದರೂ ಕೇಳಿಸಿಕೊಂಡರೋ ಎಂದು ಆಚೀಚೆ ನೋಡಿ ಹೋದರು.

ಉಳಿದದ್ದು ಎರಡು ಮತ್ತು ಐದು. ಎಣಿಸಿ ನೋಡಿದಳು. ಅದೂ ಮೂವತ್ತೆರಡು ಪುಟ, ಇದೂ ಮೂವತ್ತೆರಡು ಪುಟ. ದಪ್ಪ ನೋಡಿ ಆರಿಸೋಣವೆಂದರೆ ಅದಕ್ಕೂ ದಾರಿಯಿಲ್ಲ. ತಲೆ ಕೆಟ್ಟು ಗಂಡನಿಗೆ ಫೋನು ಮಾಡಿದಳು.

"ರೀ, ಒಂದು ಮಾತು. ಗೆಳೆತನದ ವಿಚಾರ ಹೊಸಬರು ಓದಲೇಬೇಕು ಅನ್ಸುತ್ತಾ ನಿಮಗೆ?"

"ಸಂಜೆ ಬರ್ತಾ ಟೂತ್‌ಪೇಸ್ಟ್ ತಗೊಂಡ್ಬಾ" ಎಂದು ಗಂಡ ಫೋನಿಟ್ಟ.

ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಗೋಂದಿನತ್ತೆ ಪಕ್ಕದಲ್ಲಿ ಬಂದು ಕುಕ್ಕರಿಸಿದಳು. ಬೈಂಡಿಂಗ್ ಕೋಣೆಯ ಹಿರಿಯಳು, ಬೆರಳುಗಳಿಗೆ ಸದಾ ಅಂಟು. ಅವಳು ಮುಟ್ಟಿದ ಚಮಚ ಅವಳ ಕೈ ಬಿಡುತ್ತಿರಲಿಲ್ಲ.

"ಏನೇ, ಬೆಳಿಗ್ಗೆಯಿಂದ ಎಲ್ಲಾ ಬಂದು ನಿನ್ನ ತಲೆ ತಿಂದ್ರಂತೆ. ನಾನೂ ಒಂದು ತುತ್ತು ತಿಂತೀನಿ. ಯಾವ್ದು ಬೇಕಾದ್ರೂ ಕಿತ್ತಾಕು, ಕೊನೇದನ್ನ ಕೀಳ್ಬೇಡ."

"ಐದನೇದಾ ಅತ್ತೆ? ಅದಕ್ಕೆ ಹೆಸರೂ ಇಲ್ಲ."

"ಹೆಸರಿಲ್ದೇ ಇದ್ರೆ ಏನೇ? ಆ ದೋಣಿಯವನ ವಿಚಾರ! ಟೀ ಹೊತ್ತಲ್ಲಿ ನೀನು ಓದ್ತಿದ್ದೆ. ನಾನು ನೋಟ್‌ಬುಕ್ಕಿಗೆ ಗೋಂದು ಹಚ್ತಾ ಹಚ್ತಾ ಅಳೋಕೆ ಶುರುಮಾಡ್ದೆ. ಅವತ್ತು ನಲವತ್ತು ನೋಟ್‌ಬುಕ್ ತಲೆಕೆಳಗಾಗಿ ಅಂಟಿಸಿದ್ದೀನಿ, ಯಾರಿಗೂ ಹೇಳ್ಬೇಡ. ನೀನು ಮಾತ್ರ ಕಲ್ಲಿನ ಹಾಗೆ ಪೂರ್ಣವಿರಾಮ, ಪೂರ್ಣವಿರಾಮ ಅಂತಿದ್ದೆ. ಅಲ್ಲಾ, ಎದೆ ಅನ್ನೋದಿದೆಯೇನೇ ನಿಂಗೆ?"

ಆ ಮಾತು ವಿರಾಮಕ್ಕನಿಗೆ ಎಲ್ಲೋ ನಾಟಿತು. ಕೈ ತೊಳೆದುಕೊಂಡು ಬಂದವಳು ಐದನೆಯ ಕಟ್ಟಿನ ಕೊನೆಯ ಹಾಳೆಗಳನ್ನು ತೆಗೆದುಕೊಂಡಳು. ಒಳಕೋಣೆಯಲ್ಲಿ ಯಾರೂ ಇರಲಿಲ್ಲ. ಕನ್ನಡಕದಕ್ಕ ಊಟವಾದ ಮೇಲೆ ಬೈಂಡಿಂಗ್ ಕೋಣೆಯಲ್ಲಿ ಸ್ವಲ್ಪ ಅಡ್ಡಾಗುವುದು ವಾಡಿಕೆ. ಕುರ್ಚಿ ಖಾಲಿಯಿತ್ತು. ಅವಳು ಆಚೀಚೆ ನೋಡಿ, ಮೊದಲ ಸಲ ಅದರಲ್ಲಿ ಕೂತಳು. ಬೆನ್ನು ಹಿಂದಕ್ಕೆ ಹೋಯಿತು, ಆಧಾರ ಸಿಕ್ಕಿತು. ಹೀಗೆ ಒರಗಿಕೊಂಡದ್ದಕ್ಕೋ ಏನೋ, ಗಂಟಲು ಸುಮ್ಮನಾಯಿತು.

ಓದಿದಳು.

ತಾತ ದೋಣಿಯಲ್ಲಿ ಕೂತಿದ್ದಾನೆ. ಎಷ್ಟು ಜನರನ್ನು ದಾಟಿಸಿದ್ದೀಯ ಎಂದು ದೋಣಿಯವನನ್ನು ಕೇಳುತ್ತಾನೆ. ಲೆಕ್ಕವಿಲ್ಲ, ಎಲ್ಲರೂ ನನ್ನ ಗೆಳೆಯರೇ ಎನ್ನುತ್ತಾನೆ ದೋಣಿಯವನು. ಅವರು ಇಳಿದು ಹೋಗುತ್ತಾರಲ್ಲ, ಆ ಊರಿನಲ್ಲಿ ಏನಿದೆ? ಗೊತ್ತಿಲ್ಲ, ನಾನು ಇಳಿದಿಲ್ಲ. ಒಮ್ಮೆಯೂ? ಇಳಿದರೆ ದೋಣಿ ಯಾರು ಹಿಡಿದುಕೊಳ್ಳುತ್ತಾರೆ? ಆಗ ತಾತ ಪ್ರಶ್ನೆ ಕೇಳುವುದನ್ನು ನಿಲ್ಲಿಸುತ್ತಾನೆ. ಇಡೀ ಪುಸ್ತಕದಲ್ಲಿ ಅದೊಂದೇ ಕಡೆ ಅವನು ಸುಮ್ಮನೆ ಒಂದು ಮಾತು ಹೇಳುತ್ತಾನೆ. ‘ನೀನು ಇಳಿ. ನಾನು ಹಿಡಿದುಕೊಂಡಿರುತ್ತೇನೆ.’

ಅವಳು ಹಾಳೆಯನ್ನು ಮಡಿಲಲ್ಲಿಟ್ಟುಕೊಂಡಳು. ಎಷ್ಟು ಕಾದಂಬರಿ, ಎಷ್ಟು ವ್ಯಾಕರಣ, ಎಷ್ಟು ಜನರ ಆತ್ಮಕತೆ, ಎಷ್ಟು ಮದುವೆಯ ಕಾಗದ! ಎಲ್ಲವನ್ನೂ ಒಂದು ಹಾಳೆಯಿಂದ ಇನ್ನೊಂದು ಹಾಳೆಗೆ ದಾಟಿಸಿದ್ದಳು. ಬಾವಿಗೆ ಬೀಳಹೋದ ಆ ಹುಡುಗಿ ಕೊನೆಗೆ ಬಿದ್ದಳೋ ಇಲ್ಲವೋ? ಹತ್ತೊಂಬತ್ತು ವರ್ಷವಾದರೂ ಗೊತ್ತಿಲ್ಲ. ಕಣ್ಣಿನಲ್ಲಿ ನೀರು ತುಂಬಿಕೊಂಡದ್ದು ನೋಡಿ ಅವಳಿಗೇ ಆಶ್ಚರ್ಯವಾಯಿತು. ಅಳುವಾಗ ಚಿಹ್ನೆ ಯಾವುದು ಎಂದು ಅಭ್ಯಾಸಬಲದಿಂದ ಯೋಚಿಸಿ, ಮೂಗು ಒರೆಸಿಕೊಂಡಳು.

ಈಗ ಗೊಂದಲವಿರಲಿಲ್ಲ. ಚೀಟಿ ತೆಗೆದು, ‘ಎರಡು’ ಎಂಬುದರ ಮುಂದಿದ್ದ ಪ್ರಶ್ನೆಚಿಹ್ನೆಯನ್ನು ಹೊಡೆದುಹಾಕಿದಳು.

ನಾಲ್ಕು ಗಂಟೆಗೆ ಯಜಮಾನರ ಕೋಣೆಯಲ್ಲಿ ಜಾಗವಿರಲಿಲ್ಲ. ಮಷೀನ್ ಮಾಮ ಮಷೀನು ನಿಲ್ಲಿಸಿ ಬಂದಿದ್ದ. ಗೋಂದಿನತ್ತೆ ಬಾಗಿಲಿಗೆ ಒರಗಿ ಬಾಗಿಲಿಗೇ ಅಂಟಿಕೊಂಡಿದ್ದಳು. ಗೇಟಿನಜ್ಜ ಗೇಟು ಬಿಟ್ಟು ಬಂದಿದ್ದ. ಕನ್ನಡಕದಕ್ಕ ಕೈಕಟ್ಟಿ ನಿಂತಿದ್ದಳು.

"ಎರಡನೇದನ್ನ ಬಿಡೋಣ ಸಾರ್. ಐದನೇದು ಇರಲೇಬೇಕು" ಎಂದಳು ವಿರಾಮಕ್ಕ.

"ಯಾಕೆ?"

ಆಗ ಅವಳು ಮಾತಾಡಿದಳು. ಬೇರೆಯವರು ಬರೆದದ್ದನ್ನಲ್ಲ, ತನ್ನದೇ ಮಾತು, ಅದೂ ಚಿಹ್ನೆಗಳಿಲ್ಲದೆ! ಎರಡನೆಯದರಲ್ಲಿ ತಾತ ಬರೀ ಬಾಯಿಮಾತಿನವನು, ಎಲ್ಲಿಂದ ಬಂದೆ ಎಲ್ಲಿಗೆ ಹೊರಟೆ ಎಂದು ಕೆದಕುತ್ತಾನೆ, ಎದುರಿಗಿರುವವನ ಕಷ್ಟ ಅವನಿಗೆ ಬೇಕಿಲ್ಲ ಎಂದಳು. ಗೆಳೆತನ ಎಂದು ಹೆಸರಿಟ್ಟುಕೊಂಡರೆ ಗೆಳೆತನ ಬಂದುಬಿಡುವುದಿಲ್ಲ, ಹೆಸರಿಲ್ಲದ ಐದನೆಯದರಲ್ಲೇ ನಿಜವಾದ ಗೆಳೆತನ ಇರುವುದು ಎಂದಳು. ಎರಡನೆಯದನ್ನು ಬರೆದಾಗ ತಾತ ಚಿಕ್ಕವನಿರಬೇಕು, ಐದನೆಯದು ಕಷ್ಟಸುಖ ಕಂಡವನ ಕೈಯದು ಎಂದೂ ಸೇರಿಸಿದಳು. ಮಾತು ಹೇಗೆ ಬರುತ್ತಿತ್ತೆಂದರೆ ಅವಳಿಗೇ ಭಯವಾಯಿತು.

ಯಜಮಾನರು ಕಣ್ಣರಳಿಸಿ ಕೇಳಿದರು. "ನಂಗೂ ಹಾಗೇ ಅನ್ನಿಸ್ತಿತ್ತು! ಎರಡನೇದರಲ್ಲಿ ಮುದುಕ ಸಪ್ಪೆ. ಐದನೇದರಲ್ಲಿ ಹುರಿಗಟ್ಟಿದಾನೆ" ಎಂದರು. ಅವರು ಎರಡನ್ನೂ ಓದಿರಲಿಲ್ಲ.

"ನಿಜ. ಎರಡನೇದರಲ್ಲಿ ನಲವತ್ತೊಂದು ತಪ್ಪು ಸಿಕ್ಕಿತ್ತು. ಐದನೇದರಲ್ಲಿ ಆರೇ. ಮಾಗಿದ ಬರಹ ಅಂದ್ರೆ ಅದು" ಎಂದಳು ಕನ್ನಡಕದಕ್ಕ.

"ನಾನು ಬೆಳಿಗ್ಗೇನೇ ಹೇಳಿದ್ದೆ" ಎಂದ ಮಷೀನ್ ಮಾಮ.

"ಬೆಳಿಗ್ಗೆ ಅಂದ್ರೆ ಏನು?" ಎಂದ ಗೇಟಿನಜ್ಜ.

ಯಜಮಾನರು ಎದ್ದುನಿಂತು, ಜೇಬಿನಿಂದ ಒಂದು ಹೊಸ ಕೆಂಪು ಪೆನ್ನು ತೆಗೆದು ವಿರಾಮಕ್ಕನ ಕೈಗಿಟ್ಟರು. "ಕುರ್ಚಿ ನಿನ್ನದೇ ಕಣಮ್ಮ. ಮನೇಲಿ ಏನಾದ್ರೂ ಅನ್ಲಿ, ಧೈರ್ಯ ಓದ್ಕೊಂಡು ಎದುರಿಸ್ತೀನಿ." ಗೋಂದಿನತ್ತೆ ಚಪ್ಪಾಳೆ ತಟ್ಟಿದಳು. ಎರಡು ಅಂಗೈಗಳೂ ಹಾಗೇ ಸ್ವಲ್ಪ ಹೊತ್ತು ಕೂಡಿಕೊಂಡಿದ್ದವು.

ಯಜಮಾನರು ಎಲ್ಲರಿಗೂ ಕೇಳುವ ಹಾಗೆ ಫೋನನ್ನು ಮೇಜಿನ ಮೇಲಿಟ್ಟು ಮೇಷ್ಟ್ರನ್ನು ಹಿಡಿದರು. ದಣಿದ ದನಿ ಕೇಳಿಸಿತು.

"ಹೇಳಿ. ಕಣ್ಣಿಗೆ ಪಟ್ಟಿ ಇದೆ, ಕಿವಿ ನಿಮ್ಮದೇ."

"ಮೇಷ್ಟ್ರೇ, ಕಾಗದ ಸಾಲ್ತಿಲ್ಲ. ಒಂದು ಸಂವಾದ ಬಿಡ್ತಿದೀವಿ. ಎರಡನೇದು, ಗೆಳೆತನ. ನಮ್ಮ ವಿರಾಮಕ್ಕ ಎಲ್ಲಾ ತೂಗಿ ನೋಡಿ ಹೇಳಿದ್ದು."

"ಅಯ್ಯೋ! ಗೆಳೆತನಾನಾ? ದೋಣಿಯವನು ಹೋಗಿಬಿಡ್ತಾನಲ್ರೀ! ಅವನಿಗೋಸ್ಕರ ಅಲ್ವಾ ನಾನು ಈ ಪುಸ್ತಕ ಮಾಡಿದ್ದು!"

ಯಜಮಾನರು ನಕ್ಕರು. "ಗಾಬರಿ ಆಗ್ಬೇಡಿ ಮೇಷ್ಟ್ರೇ, ದೋಣಿಯವನು ಭದ್ರವಾಗಿದ್ದಾನೆ. ಅವನು ಇರೋದು ಐದನೇದರಲ್ಲಿ."

ಮೇಷ್ಟ್ರ ದನಿಯ ದಣಿವು ಹಾರಿಹೋಯಿತು.

"ಐದನೇದು ಯಾವುದ್ರೀ? ನಾನು ನಿಮಗೆ ಕೊಟ್ಟಿದ್ದೇ ನಾಲ್ಕು."

ಮೇಷ್ಟ್ರೇ ಮುಂದುವರಿಸಿದರು. "ಗೆಳೆತನದ ಹಸ್ತಪ್ರತಿ ಎಲ್ಲೋ ಇಟ್ಟು ಮರೆತೆ ಅಂತ ನೀವೇ ಫೋನ್ ಮಾಡಿದ್ರಲ್ಲ. ಅದಕ್ಕೆ ಇನ್ನೊಂದು ಜೆರಾಕ್ಸ್ ಕಳಿಸಿದ್ದೆ. ತಲೆಬರಹದ ಹಾಳೆ ಇರಲಿಲ್ಲ ಅದರಲ್ಲಿ. ಮೊದಲಿನದೂ ಸಿಕ್ತಾ ಹಾಗಾದ್ರೆ? ಎರಡನ್ನೂ ಅಚ್ಚಿಗೆ ಕೊಟ್ರಾ? ಅಲ್ರೀ, ಯಾರೂ ಓದ್ಲೇ ಇಲ್ವಾ?"

ಕನ್ನಡಕದಕ್ಕ ಕನ್ನಡಕ ತೆಗೆದು ಒರೆಸತೊಡಗಿದಳು. ಒಂದೇ ಮಾತನ್ನು ಎರಡನೆಯ ಸಲ ಅಚ್ಚಿಗೆ ಜೋಡಿಸಿದರೆ ತಪ್ಪು ನಲವತ್ತೊಂದರಿಂದ ಆರಕ್ಕೆ ಇಳಿಯುವುದು ಸಹಜವೇ. ಮಷೀನ್ ಮಾಮನಿಗೆ ಮಷೀನು ನೆನಪಾಯಿತು, ಗೇಟಿನಜ್ಜನಿಗೆ ಗೇಟು. ಗೋಂದಿನತ್ತೆ ಮಾತ್ರ ಬಾಗಿಲು ಬಿಡಿಸಿಕೊಳ್ಳಲಾಗದೆ ಅಲ್ಲೇ ಉಳಿದಳು.

ಯಜಮಾನರು ಫೋನಿಟ್ಟು ವಿರಾಮಕ್ಕನ ಕಡೆ ತಿರುಗಿದರು. ಹಸ್ತಪ್ರತಿ ಕಳೆದದ್ದು ಯಾರು, ಸಿಕ್ಕದ್ದನ್ನು ಹೇಳದೆ ಕಟ್ಟಿಗೆ ಸೇರಿಸಿದ್ದು ಯಾರು ಎಂಬುದೆಲ್ಲ ಅವರ ಮುಖದ ಮೇಲೆ ಒಂದು ಕ್ಷಣ ಹಾದುಹೋಗಿ, ಎಲ್ಲೂ ನಿಲ್ಲದೆ ಜಾರಿಹೋಯಿತು.

"ಒಂದೇ ಸಂವಾದವನ್ನ ಎರಡು ಸಲ ಗಟ್ಟಿಯಾಗಿ ಓದಿದ್ದೀಯಲ್ಲಮ್ಮ!"

"ಹೌದು ಸಾರ್."

"ಓದಿದ್ದು ಇರಲಿ. ಈಗ ಹತ್ತು ನಿಮಿಷ ನಿಂತು ಇದಕ್ಕೂ ಅದಕ್ಕೂ ವ್ಯತ್ಯಾಸ ಹೇಳಿದ್ಯಲ್ಲ. ಒಬ್ಬ ಚಿಕ್ಕವನು, ಒಬ್ಬ ಮಾಗಿದವನು!"

"ನೀವೂ ಹೌದು ಅಂದ್ರಲ್ಲ ಸಾರ್" ಎಂಬ ಮಾತು ಗಂಟಲಿನವರೆಗೆ ಬಂತು. ಜೀವಮಾನದಲ್ಲಿ ಮೊದಲ ಸಲ ಅವಳ ಗಂಟಲು ಕೈಕೊಟ್ಟಿತು.

"ಮೊದಲ ಪುಟ ಒಂದರಿಂದ, ಕೊನೆ ಪುಟ ಇನ್ನೊಂದರಿಂದ ನೋಡಿದೆ ಸಾರ್" ಎಂದಳು ಸಣ್ಣಗೆ.

ಯಜಮಾನರು ಕೈಚಾಚಿದರು. ಅವಳು ಕೆಂಪು ಪೆನ್ನನ್ನು ಆ ಕೈಯಲ್ಲಿಟ್ಟಳು. ಮುಚ್ಚಳ ಇನ್ನೂ ತೆಗೆದಿರಲಿಲ್ಲ.

ಐದು ಗಂಟೆಗೆ ನಾದಿನಿ ಬಂದಳು. ಬೆಳಿಗ್ಗೆ ಮಷೀನಿಗೆ ಹತ್ತಬೇಕಾದ ಗೆಳೆತನವನ್ನು ಇನ್ನೊಮ್ಮೆ ಮೊದಲಿಂದ ತಾಳೆ ನೋಡಲೇಬೇಕೆಂದು ಅಪ್ಪಣೆಯಾಗಿತ್ತು. ತೆಳ್ಳಗಿನ ಹುಡುಗಿ, ಮಾತು ಮೆತ್ತಗೆ. ಕನ್ನಡಕದಕ್ಕ ಮನೆಗೆ ಹೊರಟಿದ್ದರಿಂದ ಖಾಲಿಯಿದ್ದ, ಕೈಗಳಿರುವ ಕುರ್ಚಿಯ ತುದಿಯಲ್ಲಿ, ಬಿದ್ದುಬಿಡುವವಳ ಹಾಗೆ ಕೂತಳು.

"ಒರಗಿಕೊಳ್ಳಮ್ಮ. ಅದಕ್ಕೆ ಬೆನ್ನಿದೆ" ಎಂದು ವಿರಾಮಕ್ಕ ಸ್ಟೂಲಿನ ಮೇಲೆ ಕೂತು ಹಸ್ತಪ್ರತಿ ಎತ್ತಿಕೊಂಡಳು.

"ಎಲ್ಲಿಂದ ಬಂದೆ ಪ್ರಶ್ನೆ ಆ ಕಡೆಯಿಂದ ಪೂರ್ಣವಿರಾಮ ಎಲ್ಲಿಗೆ ಹೊರಟೆ ಪ್ರಶ್ನೆ ಆ ಕಡೆಗೇ ಪೂರ್ಣವಿರಾಮ ಹಾಗಾದರೆ ಬಂದದ್ದೇಕೆ..."

ಈಗ ತಿಳಿಯಿತು. ಇವನೇ ದೋಣಿಯವನು. ಆ ದಡದಿಂದ ಬಂದು ಆ ದಡಕ್ಕೇ ಹೋಗುವವನು ಇನ್ನಾರು? ಮಷೀನ್ ಮಾಮ ಬೆಳಿಗ್ಗೆ ತಲೆಬುಡವಿಲ್ಲದ್ದು ಎಂದ ಸಾಲುಗಳು. ತಾನೂ ಗೀಟೆಳೆದ ಸಾಲುಗಳು.

ಕಿಟಕಿಯಲ್ಲಿ ಬಿಸಿಲು ಕೆಂಪಾಗುವವರೆಗೆ ಓದಿದಳು. ಒಂದು ಚಿಹ್ನೆಯನ್ನೂ ಬಿಡಲಿಲ್ಲ. ಆದರೆ ಮಾತುಗಳು ಮೊದಲಿನ ಹಾಗೆ ಸುಮ್ಮನೆ ದಾಟಿಹೋಗಲೊಲ್ಲವು. ಒಂದೊಂದೂ ಒಳಗೆ ಕೂತು, ಸ್ವಲ್ಪ ಹೊತ್ತು ಮುಖ ತೋರಿಸಿ, ಆಮೇಲೆ ಹೊರಗೆ ಬರುತ್ತಿತ್ತು. ಇನ್ನು ಮುಂದೆ ಔಷಧಿ ಚೀಟಿಯೂ ಹೀಗೇ ಆದರೆ ಗತಿಯೇನು ಎಂದು ಅವಳಿಗೆ ದಿಗಿಲಾಯಿತು. ತಾತ ದೋಣಿಯ ಹಗ್ಗಕ್ಕೆ ಕೈಹಾಕುವ ಜಾಗ ಬಂತು. ಅವಳ ದನಿ ತಾನಾಗಿ ನಿಂತಿತು.

ನಾದಿನಿ ಕೆಂಪು ಪೆನ್ನು ಎತ್ತಿ ಕಾದಳು. ಕರಡು ನೋಡಿದಳು, ವಿರಾಮಕ್ಕನ ಮುಖ ನೋಡಿದಳು.

"ಇಲ್ಲಿ ಯಾವ ಚಿಹ್ನೆ ಅಕ್ಕಾ?"

ವಿರಾಮಕ್ಕ ಉತ್ತರಿಸುವ ಮೊದಲೇ ಗೋಡೆಯಾಚೆಯಿಂದ ಗೋಂದಿನತ್ತೆಯ ಕೂಗು ಬಂತು. "ಏನೇ, ನಿಲ್ಲಿಸ್ಬಿಟ್ಟೆ? ಇಳಿದ್ನಾ ಇಲ್ವಾ ಅವ್ನು?"

ಆಚೆ ಕೋಣೆಯಲ್ಲಿ ಮಷೀನು ಸದ್ದಿಲ್ಲದೆ ನಿಂತಿತ್ತು. ಕಿಟಕಿಯ ಹೊರಗೆ ಗೇಟಿನಜ್ಜ ಸರಿಯಾಗಿರುವ ಕಿವಿಯನ್ನು ಈ ಕಡೆ ತಿರುಗಿಸಿದ್ದ.

"ಇಳೀತಾನೆ ಅತ್ತೆ, ತಾಳಿ" ಎಂದಳು ವಿರಾಮಕ್ಕ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ. "ಒಂದು ಅಲ್ಪವಿರಾಮ ಇದೆ."

ನಾದಿನಿ ಅದನ್ನು ಹಾಗೇ ನಂಬಿ, ಕರಡಿನಲ್ಲಿ ಇಲ್ಲದ ಆ ಚಿಹ್ನೆಯನ್ನು ಕೆಂಪು ಮಸಿಯಲ್ಲಿ ಗುಂಡಗೆ ಬರೆದಳು.